ಕಡಲೆ ಹೊಲದ ಕರ್ಕೊಂಚ

ಮಹಾರಾಜರ ಕಾಲದ ಮಾತು. ಕ್ರಿಸ್‌ಮಸ್ ರಜೆಗೆ ಮೈಸೂರಿನ ಕಾನ್ವೆಂಟಿನಿಂದ ಕಟ್ಟೆಮಳಲವಾಡಿಗೆ ಬರುವಾಗ ನನ್ನ ಟ್ರಂಕಿನಲ್ಲಿ ಒಂದು ಅವಮಾನವೂ ಇತ್ತು. ಚಳಿಗಾಲಕ್ಕೆ ನಮ್ಮೂರ ಕೆರೆಗೆ ಕ್ರೇನ್ ಹಕ್ಕಿಗಳು (ಊರವರ ಬಾಯಲ್ಲಿ ಕರ್ಕೊಂಚ) ಬರುತ್ತವೆ ಎಂದು ನೇಚರ್ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಸಿಸ್ಟರ್ ಆ ಸಾಲಿಗೆ ಕೆಂಪು ಗೀಟೆಳೆದು, "ನೀನು ನೋಡಿರುವುದು ಹೆರಾನ್, ಬೂದು ಕೊಕ್ಕರೆ, ಮೈ ಡಿಯರ್. ಕ್ರೇನ್ ಆದರೆ ಕಣ್ಣಿನ ಹಿಂದೆ ಬಿಳಿ ಗರಿಯ ಕುಚ್ಚಿರುತ್ತದೆ. ಹೋಗಿ ನೋಡಿಕೊಂಡು ಬಾ" ಎಂದಿದ್ದರು. ಇಡೀ ಕ್ಲಾಸು ನಕ್ಕಿತ್ತು.

ಆ ಕುಚ್ಚಿಗಾಗಿ ದಿನವೂ ಬೆಳಗಾಗೆದ್ದು ಕೆರೆಯ ಕಡೆ ಓಡಿದೆ. ಹಕ್ಕಿಗಳೇನೋ ಇದ್ದವು. ಬೂದು ಮೈ, ಕರಿ ಕತ್ತು. ಕಡಲೆ ಹೊಲದಲ್ಲಿ ಗುಂಪಾಗಿ ಮೇಯುತ್ತಿದ್ದವು. ನಾನು ಹತ್ತು ಹೆಜ್ಜೆ ಹೋದರೆ ತಾವೂ ಹತ್ತು ಹೆಜ್ಜೆ, ಬಹಳ ಡಿಗ್ನಿಫೈಡ್ ಆಗಿ, ಮಂಜಿನೊಳಕ್ಕೆ ನಡೆದುಬಿಡುತ್ತಿದ್ದವು.

ರಜೆಯ ಕೊನೆಯ ಬೆಳಗ್ಗೆ ಆ ಹೊಲದ ಅಜ್ಜಿ ಹಕ್ಕಿ ಓಡಿಸಲು ಸೀಮೆಎಣ್ಣೆ ಡಬ್ಬ ಹಿಡಿದು ಬಂದಳು. ನಾನು ಅವಳ ಕೈ ಹಿಡಿದುಕೊಂಡೆ.

"ಅಜ್ಜೀ, ಪ್ಲೀಸ್, ಬಡೀಬೇಡ. ಅದು ಕ್ರೇನೋ ಅಲ್ವೋ ನೋಡ್ಬೇಕು."

"ನೀನ್ ನೋಡೋಗಂಟ ನನ್ ಕಡ್ಲೆ ಅವುಕ್ಕೆ ಫಲಾರವಾ? ಕರ್ಕೊಂಚ ಕಣವ್ವ ಅವು."

"ಕೊಕ್ಕರೆ ಅಲ್ಲ ಅಂತ ಹೆಂಗೆ ಹೇಳ್ತೀಯ?"

"ಇಷ್ಟ್ ಓದಿ ಅಷ್ಟೂ ತಿಳೀದಾ? ನಿಂತಿರೋದ್ನ ನೋಡುದ್ರೆ ಏನ್ ಗೊತ್ತಾದದು, ಎಬ್ಬುಸ್ ನೋಡು. ಬೂದು ಕೊಕ್ಕರೆ ಕತ್ತ ಮಡಚ್ಕೊಂಡು ಆರ್ತದೆ, ಕರ್ಕೊಂಚ ಕೋಲ್ನಂಗೆ ನೀಟ್ಕೊಂಡು ಆರ್ತದೆ. ತಕಾ, ನೀನೇ ಬಡಿ."

ಬಡಿದೆ. ಹೊಲಕ್ಕೆ ಹೊಲವೇ ಎದ್ದಂತಾಯಿತು. ಕರ್ರ್ ಕರ್ರ್ ಎನ್ನುತ್ತ ನಮ್ಮ ತಲೆಯ ಮೇಲೇ ಹಾದವು. ಒಂದೊಂದರ ಕತ್ತೂ ಮುಂದಕ್ಕೆ ಚಾಚಿತ್ತು, ಪರ್ಫೆಕ್ಟ್ಲಿ ಸ್ಟ್ರೇಟ್. ಕೆಂಪು ಗೀಟು ಬಿದ್ದ ಸಾಲನ್ನು ಇನ್ನು ಧೈರ್ಯವಾಗಿ ಮತ್ತೆ ಬರೆಯಬಹುದಿತ್ತು. ಕುಣಿಯಬೇಕಾದವಳು ಖಾಲಿ ಹೊಲ ನೋಡುತ್ತ ನಿಂತುಬಿಟ್ಟೆ.

"ನಿಂದೇ ಗೆಲ್ತಲ್ಲ, ಮೊಕ ಯಾಕಿಂಗೆ?" ಅಜ್ಜಿ ಡಬ್ಬ ಕಿತ್ತುಕೊಂಡಳು. "ನಾಳೀಕೆ ಬತ್ತವೆ ಬುಡು. ನನ್ ಕಡ್ಲೆ ಇರೋಗಂಟ ಎಲ್ಲಿಗೋದಾವು?"

ಬಂದವೋ ಏನೋ. ಮರುದಿನ ಅಷ್ಟು ಹೊತ್ತಿಗೆ ನಾನು ಮೈಸೂರಿನ ಬಸ್ಸಿನಲ್ಲಿದ್ದೆ. ಹುಣಸೂರು ದಾಟುವವರೆಗೂ ಕಿಟಕಿಯಿಂದ ತಲೆ ಒಳಕ್ಕೆ ತೆಗೆದುಕೊಳ್ಳಲಿಲ್ಲ.