ಸಾಹೇಬರಿಗೆ ಹ್ಯಾವ್, ಚಪರಾಸಿಗೆ ಹ್ಯಾಜ್

ನಿಜಾಮರ ಆಡಳಿತ ಹೋದ ಮೇಲೆ ಲಿಂಗಸುಗೂರಿನ ನಮ್ಮ ಕಚೇರಿಯ ಕಾಗದಗಳು ಉರ್ದು ಬಿಟ್ಟು ಇಂಗ್ಲಿಷಿಗೆ ತಿರುಗಿದವು. ಟೈಪಿಸ್ಟ್ ಆಗಿ ಸೇರಿದ್ದ ನನಗೆ ನನ್ನ ವ್ಯಾಕರಣದ ಮೇಲೆ ಬಲು ಭರವಸೆ. ಕರಡು ಬರೆಯುತ್ತಿದ್ದವರು ಮಾತ್ರ ಹಳೆಯ ಮುನ್ಷಿ. ಜೀವಮಾನವೆಲ್ಲ ಉರ್ದು ಬರೆದು, ಐವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿತವರು.

ಒಂದು ದಿನ ಅವರ ಕರಡಿನಲ್ಲಿ, ಮಸ್ಕಿಗೆ ಹೋದ ತಹಶೀಲ್ದಾರ ಸಾಹೇಬರಿಗೆ ‘ಹ್ಯಾವ್’ ಇತ್ತು, ಜೊತೆಗೆ ಹೋದ ಚಪರಾಸಿಗೆ ‘ಹ್ಯಾಜ್’. ನಾನು ಇಬ್ಬರಿಗೂ ಹ್ಯಾಜ್ ಹಾಕಿ ಟೈಪ್ ಮಾಡಿದೆ.

“ಸಾಹೇಬರಿಗೂ ಹ್ಯಾಜ್, ಚಪರಾಸಿಗೂ ಹ್ಯಾಜ್. ಇದೇನೋ ತಮ್ಮಾ?” ಎಂದರು ಮುನ್ಷಿ.

“ಒಬ್ಬರಿದ್ದರ ಹ್ಯಾಜ್, ಬಾಳ ಮಂದಿ ಇದ್ದರ ಹ್ಯಾವ್ ಬರತೈತ್ರಿ. ಸಾಹೇಬರು ಒಬ್ಬರೇ ಅಲ್ಲೇನ್ರಿ?”

“ಒಬ್ಬರಾದ್ರ ಏನಾತು? ಸಾಹೇಬರು ಹೋಗ್ಯಾರ ಅಂತೀವಿ. ಹೋಗ್ಯಾನ ಅಂತೀವೇನು? ಇಂಥಾ ಕಾಗದ ನಾ ಅವರ ಮುಂದ ಇಡಂಗಿಲ್ಲ.”

ನಾನೇ ಒಯ್ದು ಇಟ್ಟೆ. ಸಾಹೇಬರು ಓದಿ ಸುಮ್ಮನೆ ಸಹಿ ಹಾಕಿದರು. ನಾನು ಗೆದ್ದೆನೆಂದು ಬೀಗಿದೆ. ಮುನ್ಷಿ ವಾರವಿಡೀ ನನ್ನೊಡನೆ ಮಾತಾಡಲಿಲ್ಲ.

ಮುಂದಿನ ವರ್ಷ ನನಗೆ ಸಿಂಧನೂರಿಗೆ ವರ್ಗವಾಯಿತು. ನನ್ನನ್ನು ಆ ಕಚೇರಿಯಿಂದ ಬಿಡುಗಡೆ ಮಾಡುವ ಕಾಗದದ ಕರಡನ್ನೂ ಮುನ್ಷಿಯೇ ಬರೆದು, ಟೈಪ್ ಮಾಡಲು ನನ್ನ ಮುಂದಿಟ್ಟರು. ಈ ಟೈಪಿಸ್ಟ್ ಚೆನ್ನಾಗಿ ಕೆಲಸ ಮಾಡಿದ್ದಾರೆ ಎಂಬ ಸಾಲಿನಲ್ಲಿ ನನಗೂ ‘ಹ್ಯಾವ್’ ಹಾಕಿದ್ದರು.

ವ್ಯಾಕರಣ ನನಗೇನೂ ಮರೆತಿರಲಿಲ್ಲ. ತಿಳಿದೂ ತಿಳಿದೂ ನಾನು ಟೈಪ್ ಮಾಡಿದ ತಪ್ಪು ಅದೊಂದೇ.