ಕಾಕಾನ ಕಾರಿಗೆ ಸೋಮವಾರವಿಲ್ಲ

ಎಪ್ಪತ್ತರ ದಶಕದಲ್ಲಿ ನಮ್ಮ ಕಾಕಾ ಕಾರು ತಂದ ವರ್ಷ ಓಣಿಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಬಹಳ ವರ್ಷ ಓಡಿಸಿ ಸಾಕಾಗಿ ಮಾರಿದ ಕಾರು ಅದು. ಒಂದು ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಇನ್ನೊಂದು ಹೊರಗಿನಿಂದ. ಆದರೂ ಕಾಕಾ ಎಲೆ ಅಡಿಕೆ ತರಲಿಕ್ಕೂ ಅದರಲ್ಲೇ ಹೋಗುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಕಾಕಾನಿಗೆ ಐಶ್ವರ್ಯವೂ ಬಂದಿರಲಿಲ್ಲ, ಬರೀ ಕೊಡೆ ಬಂದಿತ್ತು.

ನಮ್ಮ ಕಡೆ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತೆಂದರೆ ಬಸವಣ್ಣ, ಸೋಮವಾರ ಅವನ ವಾರ. ಅಪ್ಪ ಅಂದು ಎತ್ತುಗಳ ಮೈ ತೊಳೆದು, ಮೇವು ಹಾಕಿ ಕೂಡುತ್ತಿದ್ದ. ಕಾಕಾ ಕಟ್ಟೆಯ ಮೇಲಿಂದ ಹೀಯಾಳಿಸುತ್ತಿದ್ದ: “ಅಣ್ಣಾ, ನನ್ನ ಗಾಡಿಗೆ ಸೋಮಾರಾನೂ ಇಲ್ಲ, ಅಮಾಸಿನೂ ಇಲ್ಲ.”

ಶಿಕ್ಷಕಿಯ ತರಬೇತಿ ಮುಗಿಸಿದ್ದ ನನಗೆ ಹುಬ್ಬಳ್ಳಿಯ ಒಂದು ಸಾಲೆಯಿಂದ ಸಂದರ್ಶನದ ಕಾಗದ ಬಂತು. ಸೋಮವಾರ, ಹನ್ನೊಂದು ಗಂಟೆ. ನೌಕರಿ ಸಿಕ್ಕರೆ ಎರಡು ವರ್ಷ ಮದುವೆಯ ಮಾತು ಎತ್ತುವುದಿಲ್ಲ, ಸಿಗದಿದ್ದರೆ ನೋಡಿ ಹೋದ ವರನಿಗೆ ಹೂಂ ಅನ್ನುವುದು ಎಂದು ಅಪ್ಪ ಹೇಳಿದ್ದ. ನಮ್ಮೂರು ದೇವಿಕೊಪ್ಪದಿಂದ ಬೆಳಗಿನ ಬಸ್ಸಿಗೆ ಹೋಗುತ್ತೇನೆಂದರೆ ಕಾಕಾ ಕೇಳಲಿಲ್ಲ.

“ಮನ್ಯಾಗ ಕಾರ್ ಇಟಗೊಂಡು ಬಸ್ಸಿಗೆ ಹೋದರ ಮಂದಿ ಏನಂದಾರು?”

ಮಂದಿ ಏನೂ ಅನ್ನುತ್ತಿರಲಿಲ್ಲ. ಅವರಿಗೆ ಬೇರೆ ಕೆಲಸವಿತ್ತು.

ಕಾಕಾನ ಕಾರು ಖಾಲಿ ಹೊರಡುವುದುಂಟೇ? ಹುಬ್ಬಳ್ಳಿಯ ಬೀಗರಿಗೆಂದು ಹಿಂದೆ ಮೂರು ಚೀಲ ಅಕ್ಕಿ ಹೇರಿದ. ಮಿಶ್ರಿಕೋಟಿಯ ಹತ್ತಿರ ತಗ್ಗಿಗೆ ಬಿದ್ದು ಎದ್ದಾಗ ಹಿಂದೆ ಕಟ್ ಎಂದಿತು. ಎಂಜಿನ್ ಕೂಗುತ್ತಿತ್ತು, ಗಾಲಿ ತಿರುಗುತ್ತಿರಲಿಲ್ಲ. ಕಾಕಾ ಇಳಿದು ಒಂದು ಸುತ್ತು ಹಾಕಿ, “ಆಕ್ಸಲ್ ಕಟ್ ಆತು,” ಎಂದ, ದೊಡ್ಡ ಡಾಕ್ಟರನ ಗತ್ತಿನಲ್ಲಿ. ಹಿಂದಿನ ಗಾಲಿಯನ್ನು ತಿರುಗಿಸುವ ಕಬ್ಬಿಣದ ಸರಳು ಅದು.

ರಸ್ತೆ ಬದಿಯಲ್ಲಿ ಎತ್ತು ಮೇಯಿಸುತ್ತಿದ್ದ ರೈತನಿಗೆ, “ಒಂದೀಟು ಎಳದು ಗಿಡದ ಬುಡಕ ಬಿಡ್ರಿ,” ಎಂದ ಕಾಕಾ. ಆತ ನಕ್ಕ. “ಇವತ್ತ ಸೋಮಾರಲ್ರಿ. ಹೂಡಂಗಿಲ್ರಿ.” ಅಪ್ಪ ಅಲ್ಲಿರಬೇಕಿತ್ತು ಅನ್ನಿಸಿತು.

ಕಾಕಾ ಜಗ್ಗಲಿಲ್ಲ. ಡಿಕ್ಕಿಯಲ್ಲಿ ಗೋಣಿ ಸುತ್ತಿದ ಇನ್ನೊಂದು ಆಕ್ಸಲ್ ಇತ್ತು. ಖಂಡೇನವಮಿಗೆ ಅದಕ್ಕೂ ಕುಂಕುಮ ಹಚ್ಚಿ ಪೂಜೆ ಮಾಡಿದ್ದ. ಪೂಜೆ ಮಾಡಿದ್ದನೇ ಹೊರತು ಹಾಕುವುದು ಹೇಗೆಂದು ಕಲಿತಿರಲಿಲ್ಲ. ಅವನು ಜಾಕ್ ಏರಿಸಿ ಗಾಲಿ ಬಿಚ್ಚುವಾಗ ಹುಬ್ಬಳ್ಳಿ ಬಸ್ಸು ಬಂತು. ಕೈ ಮಾಡದಿದ್ದರೂ ನಿಂತಿತು. ಕಂಡಕ್ಟರ್ ಬಾಗಿಲು ತೆಗೆದು ನನ್ನನ್ನೇ ಕೇಳಿದ: “ಬರ್ತೀರೇನ್ರಿ ಅಕ್ಕಾರ?”

ಕಾಕಾನ ಮುಖ ನೋಡಿದೆ. “ಅರ್ಧಾ ತಾಸಿನ ಕೆಲಸ,” ಎಂದ.

“ಇಲ್ರಿ,” ಎಂದೆ ನಾನು. ಬಸ್ಸು ಹೋಯಿತು.

ಮುರಿದ ಸರಳು ಹೊರಗೆ ಬಂತು. ಹೊಸದನ್ನು ತೂರಿಸಿದರೆ ನಾಲ್ಕು ಬೆರಳು ಹೊರಗೇ ಉಳಿಯಿತು. ಕಾಕಾ ತಳ್ಳಿದ, ಬೈದ, ಎಣ್ಣೆ ಹಚ್ಚಿದ, ಕೊನೆಗೆ ಕಲ್ಲು ತಗೊಂಡು ಜಜ್ಜಿದ. ಹಳೆಯದು ಅಲ್ಲೇ ನೆಲದ ಮೇಲೆ ಬಿದ್ದಿತ್ತು, ಹೊಸದಕ್ಕಿಂತ ಸರಿಯಾಗಿ ನಾಲ್ಕು ಬೆರಳು ಗಿಡ್ಡ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

“ಕಾಕಾ, ಉಳಿದ ತುಂಡು ಒಳಗ ಐತಿ. ಅದನ್ನ ತಗೀಲಾರದ ಇದು ಹೋಗೂದಿಲ್ಲ.”

“ನೀ ಸಾಲಿ ಕಲ್ತಾಕಿ. ಗಾಡೀದು ನಿನಗೇನ ಗೊತ್ತ? ಸುಮ್ನ ಕುಂದರ ಬೇ.”

ಸುಮ್ಮನೆ ಕೂತೆ. ಹನ್ನೊಂದು ದಾಟಿದ ಮೇಲೆ ಲಾರಿಯವನೊಬ್ಬ ನಿಲ್ಲಿಸಿ, ಬಗ್ಗಿ ನೋಡಿ, “ತುಂಡು ಒಳಗ ಐತ್ರಿ ಸಾವಕಾರ್ರ,” ಎಂದ. “ನಾನೂ ಅದನ್ನ ಅಂದೆ!” ಎಂದ ನಮ್ಮ ಕಾಕಾ. ಲಾರಿಯವನು ತಂತಿಗೆ ಕುಣಿಕೆ ಹಾಕಿ ಒಳಗೆ ಬಿಟ್ಟು, ಬಾವಿಗೆ ಬಿದ್ದ ಕೊಡ ತೆಗೆದಂತೆ ತುಂಡನ್ನು ಈಚೆಗೆ ಎಳೆದ. ಹೊಸ ಆಕ್ಸಲ್ ಸದ್ದಿಲ್ಲದೆ ಹೋಗಿ ಕೂತಿತು.

ಸಾಲೆ ಮುಟ್ಟಿದಾಗ ಒಂದೂವರೆ. ಜವಾನ ಕುರ್ಚಿಗಳನ್ನು ಒಳಗಿಡುತ್ತಿದ್ದ. ನೌಕರಿ ಬೇರೆಯವಳಿಗೆ ಹೋಗಿತ್ತು. ಕಾಕಾ ಆ ಜವಾನನಿಗೂ ತನ್ನ ಎಣ್ಣೆಗೈ ತೋರಿಸಿ, ನಡುದಾರಿಯಲ್ಲಿ ತಾನೊಬ್ಬನೇ ಆಕ್ಸಲ್ ಹಾಕಿದ್ದನ್ನು ಹೇಳತೊಡಗಿದ. ಆ ಕಥೆಯನ್ನು ಸಾಯುವವರೆಗೂ ಹೇಳಿದ. ಅದರಲ್ಲಿ ಲಾರಿಯವನೂ ಇರಲಿಲ್ಲ, ನಾನೂ ಇರಲಿಲ್ಲ.

ಅವನನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಕಂಡಕ್ಟರ್ ಕೇಳಿದ್ದು ನನ್ನನ್ನು. ಇಲ್ರಿ ಅಂದದ್ದು ನನ್ನ ಬಾಯಿ. ಆ ಹೇಡಿ ಹುಡುಗಿಯ ಮೇಲೆ ನನಗೆ ಕಾಕಾನ ಮೇಲಿರುವುದಕ್ಕಿಂತ ಹೆಚ್ಚು ಸಿಟ್ಟಿದೆ.

ವೈಶಾಖದಲ್ಲಿ ಮದುವೆಯಾಯಿತು. ಅದೇ ಕಾರಿಗೆ ಹೂ ಕಟ್ಟಿ ನನ್ನನ್ನು ಗಂಡನ ಮನೆಗೆ ಕಳಿಸಿದರು. ಕಾಕಾನೇ ಓಡಿಸಿದ. ಮಿಶ್ರಿಕೋಟಿ ಬಂದಾಗ ಹಿಂದಿನ ಗಾಲಿಯ ಕಡೆ ಕಿವಿಗೊಟ್ಟು, ಕಟ್ ಅನ್ನಲಿ, ಕಟ್ ಅನ್ನಲಿ ಎಂದು ಬೇಡಿಕೊಂಡು ಕೂತಿದ್ದೆ. ಕಾರು ಎಲ್ಲೂ ನಿಲ್ಲದೆ ಹೋಯಿತು.