ಮೈಗಂಟಿದ ಹುಳಿ ಹಾಲು

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಹಾಲಿನ ಡೇರಿಯ ಹಿಂದಿನ ಅಂಗಳದಲ್ಲಿ ಖಾಲಿ ಟ್ಯಾಂಕರ್ ಲಾರಿಯೊಂದು ನಿಂತಿದೆ. ಅದರ ನೆತ್ತಿಯ ಮುಚ್ಚಳ ತೆರೆದು, ಐವತ್ತೈದರ ಆಸುಪಾಸಿನವರೊಬ್ಬರು ಬ್ರಷ್ಷು ಹಿಡಿದು, ಮೈ ಕುಗ್ಗಿಸಿಕೊಂಡು ಒಳಗಿಳಿಯುತ್ತಾರೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಉಜ್ಜುವ ಸದ್ದು, ನಡುವೆ ಕೆಮ್ಮು.

"ಮೊಸರಣ್ಣ, ಬೆಣ್ಣೆ ಬಂತಾ?" ಮೇಲಿನಿಂದ ಬಿಸಿನೀರಿನ ಪೈಪು ಇಳಿಬಿಡುವ ಜೊತೆಗಾರ ಕೂಗುತ್ತಾರೆ.

"ಬಂದ್ರೆ ನಿನಗ್ಯಾಕೆ ಹೇಳಲಿ? ನೀರು ಬಿಡಯ್ಯ."

ಡೇರಿಯಲ್ಲಿ ಎಲ್ಲರಿಗೂ ಅವರು ಮೊಸರಣ್ಣನೇ. ಇಪ್ಪತ್ತು ವರ್ಷಗಳಿಂದ ದಿನಕ್ಕೆ ಆರೇಳು ಟ್ಯಾಂಕರ್ ತೊಳೆಯುತ್ತಾರೆ. ಒಳಗೆಲ್ಲ ಫಳಫಳ ಹೊಳೆದರೂ, ಮುಚ್ಚಳದ ರಬ್ಬರಿನ ಸಂದಿಯಲ್ಲಿ ಒಂದಿಷ್ಟು ಹಳೇ ಹಾಲು ಉಳಿದರೆ ಸಾಕು, ಹೊಸ ಹಾಲು ಕೆಡುತ್ತದೆ. ಆ ಸಂದಿಗೆ ಬ್ರಷ್ಷು ಹೋಗುವುದಿಲ್ಲ, ಬೆರಳೇ ಹೋಗಬೇಕು. ಉಗುರಿಗೆ, ಕೂದಲಿಗೆ ಅಂಟಿದ ಆ ಹುಳಿ ವಾಸನೆ ಯಾವ ಸೋಪಿಗೂ ಬಗ್ಗುವುದಿಲ್ಲ.

ಅವರಿಗೆ ಮಾತ್ರ ಅದು ಗೊತ್ತಾಗುವುದೇ ಇಲ್ಲ. "ನನ್ನ ಮೂಗು ಸತ್ತು ಯಾವ ಕಾಲ ಆಯ್ತೋ. ಬಸ್ಸಲ್ಲಿ ಪಕ್ಕದವರ ಮುಖ ನೋಡ್ತೀನಿ. ಅವರು ಕಿಟಕಿ ಕಡೆ ತಿರುಗಿದ್ರೆ, ಓ, ಇವತ್ತು ಜಾಸ್ತಿ ಇದೆ ಅಂದ್ಕೋತೀನಿ." ಹೀಗಾಗಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿ ನಿಲ್ಲುತ್ತಾರೆ. ಯಾರಾದರೂ ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಎಂದುಬಿಡುತ್ತಾರೆ.

"ಇವರ ಹೊಟ್ಟೆ ಯಾವತ್ತು ಕೆಟ್ಟಿತ್ತು? ಕಲ್ಲು ತಿಂದು ಕರಗಿಸ್ಕೋತಾರೆ," ಎನ್ನುತ್ತಾರೆ ಹೆಂಡತಿ.

ಒಮ್ಮೆ ಧೈರ್ಯ ಮಾಡಿದ್ದುಂಟು. ಮಗಳ ಶಾಲೆಯ ವಾರ್ಷಿಕೋತ್ಸವ. ಮೂಗು ಕೈಕೊಟ್ಟಿದೆಯಲ್ಲ, ಸೆಂಟು ಎಷ್ಟು ಸಾಕೆಂದು ತಿಳಿಯಲಿಲ್ಲ. ಅರ್ಧ ಬಾಟಲಿ ಸುರಿದುಕೊಂಡರು. ಹುಳಿಗೆ ಹೂವಿನ ಘಮ ಬೆರೆತು, ಮುಂದಿನ ಸಾಲಿಗೆ ಸಾಲೇ ತಿರುಗಿ ನೋಡಿತು. "ಅಪ್ಪ, ನೀನು ಗೇಟ್ ಹತ್ರ ನಿಂತ್ಕೋತೀಯಾ?" ಎಂದಳು ಮಗಳು. ಹೋಗಿ ನಿಂತರು.

"ಅವಳದೇನು ತಪ್ಪು? ಚಿಕ್ಕೋಳು. ನನಗೇ ನನ್ನ ಮೇಲೆ ಹೇಸಿಗೆ ಆಯ್ತು." ಇದನ್ನು ಹೇಳುವಾಗಲೂ ಅಂಗೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡೇ ಕೂತಿದ್ದಾರೆ.

ಆ ಮಗಳು ಈಗ ನಾಲ್ಕು ತಿಂಗಳ ಕೂಸಿನೊಂದಿಗೆ ತವರಿಗೆ ಬಂದಿದ್ದಾಳೆ. ತಾತ ಮೊಮ್ಮಗನನ್ನು ಇನ್ನೂ ಒಮ್ಮೆಯೂ ಎತ್ತಿಕೊಂಡಿಲ್ಲ. ಕೆಲಸ ಮುಗಿಸಿ ಬಂದು, ಎರಡೆರಡು ಸಲ ಸ್ನಾನ ಮಾಡಿ, ಹೊಸ್ತಿಲಾಚೆ ಕೂತು ಚಿಟಿಕೆ ಹೊಡೆಯುತ್ತಾರೆ. ಅದು ನಕ್ಕರೆ ಇವರು ಇನ್ನೊಂದು ಗೇಣು ಹಿಂದೆ ಸರಿಯುತ್ತಾರೆ.

"ಹಿಡ್ಕೋ ಅಪ್ಪ," ಮಗಳು ಇವತ್ತೂ ಕೇಳುತ್ತಾಳೆ.

"ಬೇಡಮ್ಮ. ಎಳೇ ಮೈ ಅದು. ನನ್ನ ನಾತ ಅಂಟೀತು."

ಅಷ್ಟರಲ್ಲಿ ಕೂಸು ಕುಡಿದ ಹಾಲನ್ನು ಅವಳ ಹೆಗಲ ಮೇಲೆ ಕಕ್ಕುತ್ತದೆ. ಅವಳು ಒರೆಸಿಕೊಳ್ಳದೆ ಮೂಸಿ ನೋಡಿ, ಅಪ್ಪನ ಕಡೆ ತಿರುಗುತ್ತಾಳೆ.

"ಇವನೂ ನಿನ್ನ ಥರಾನೇ ನಾರ್ತಾನಪ್ಪ. ಹಾಗಂತ ಇವನನ್ನ ಯಾರೂ ಎತ್ಕೊಳ್ಳೋದು ಬೇಡವಾ?"

ಉತ್ತರಕ್ಕೆ ಕಾಯದೆ ಹೊಸ್ತಿಲು ದಾಟಿ ಬಂದು ಕೂಸನ್ನು ಅವರ ಮಡಿಲಿಗೆ ಹಾಕುತ್ತಾಳೆ. ಅವರು ಬೆರಳು ತಾಗದಂತೆ ಮುಷ್ಟಿ ಬಿಗಿಹಿಡಿದು, ಬರೀ ಮೊಣಕೈಗಳಲ್ಲಿ ಹಿಡಿದುಕೊಳ್ಳುತ್ತಾರೆ. ಕೂಸು ಅವರ ಕುತ್ತಿಗೆಗೆ ಮುಖ ಉಜ್ಜಿ ಸುಮ್ಮನಾಗುತ್ತದೆ. ಬಹಳ ಹೊತ್ತಿನ ಮೇಲೆ ಒಂದು ಮುಷ್ಟಿ ಬಿಚ್ಚಿಕೊಂಡು ಕೂಸಿನ ಬೆನ್ನಿಗೆ ಆನುತ್ತದೆ.

"ಇವನಿಗೆ ವಾಸನೆ ತಿಳಿಯೋ ವಯಸ್ಸು ಬರೋವರೆಗೂ ಎತ್ಕೋತೀನಿ," ಎನ್ನುತ್ತಾರೆ ಮೆಲ್ಲಗೆ. "ಆಮೇಲೆ ಬೇಡ ಅಂದ್ರೆ, ಅವನೇ ಹೇಳಲಿ."